ನೂರಾ ಹನ್ನೆರಡನೇ ಪುಟ

ಹುಬ್ಬಳ್ಳಿಯ ಪ್ರಕಾಶಕರು ಪುಸ್ತಕದ ಬೆನ್ನೊಳಗೆ
ಒಂದು ಕಾರ್ಡು ಅಂಟಿಸಿದ್ದರು:
‘ಓದುಗರ ಅಭಿಪ್ರಾಯ’. ಕೆಳಗೆ ನಾಲ್ಕೇ ಗೆರೆ.
ಬಳ್ಳಾರಿಯ ಕೌಲ್ ಬಜಾರಿಗೆಲ್ಲ ಈ ಪುಸ್ತಕ ಇದ್ದದ್ದು ಒಂದೇ,
ನನ್ನ ಝೆರಾಕ್ಸ್ ಅಂಗಡಿಯ ಕಟ್ಟೆಗೆ ದಾರ ಕಟ್ಟಿಸಿಕೊಂಡು.
ಜೀನ್ಸ್ ಹೊಲಿಯುವ ಹಳದಿ ದಾರ,
ಗಾದಿಲಿಂಗಪ್ಪ ಕೊಟ್ಟದ್ದು.

‘ಕಂಪ್ಯೂಟರಿನಲ್ಲಿ ವ್ಯಾಪಾರದ ಲೆಕ್ಕ: ಸುಲಭ ಕೈಪಿಡಿ.’
ಸುಲಭ ಎಂಬುದರ ಮೇಲೆ ಯಾರೋ ಗೀಟು ಹಾಕಿದ್ದಾರೆ.
ಅದೂ ಅಭಿಪ್ರಾಯವೇ, ಹೆಸರಿಲ್ಲ ಅಷ್ಟೆ.

ವಾಷಿಂಗ್ ಯೂನಿಟ್ಟಿನಿಂದ ನೆಟ್ಟಗೆ ಇಲ್ಲಿಗೇ ಬರುತ್ತಾರೆ,
ಕೈ ತೊಳೆದರೂ ಉಗುರಿನ ಸಂದಿಯ ಬಣ್ಣ ಹೋಗದು.
ಹಾಗಾಗಿ ಬಾಕಿದಾರರ ಅಧ್ಯಾಯ ಕಡುನೀಲಿ,
ಜಾಬ್‌ವರ್ಕ್ ತಿಳಿನೀಲಿ,
‘ತಪ್ಪು ನಮೂದನ್ನು ಅಳಿಸುವುದು ಹೇಗೆ’, ಅಲ್ಲಿ ಅಕ್ಷರವೇ ಕಾಣದು.
‘ಲಾಭ ಹಂಚಿಕೆ’ ಬಿಳಿ.
ತಂದ ದಿನ ಎಷ್ಟು ಬಿಳಿಯೋ ಅಷ್ಟೇ.

ಕಾರ್ಡು ತುಂಬಬೇಕಲ್ಲ, ಕೇಳಿದೆ.

ಎರ್ರಿಸ್ವಾಮಿ, ಗುಂಡಿ ಹಚ್ಚುವ ಮಿಷನ್ನಿನ ಅರ್ಧ ಮಾಲೀಕ:
“ಇದರಾಗ ಎಲ್ಲಾ ಎಬಿಸಿ ಟ್ರೇಡರ್ಸ್ ಅಕ್ಕಾ.
ಅವರಿಗೆ ಉದ್ರಿ ಕೇಳೋರಿಲ್ಲ, ಕರೆಂಟ್ ಹೋಗಂಗಿಲ್ಲ,
ಭಾವಮೈದುನ ಇಲ್ಲ.
ಅಂಥಾ ಊರು ಎಲ್ಲೈತಿ ಅಂತ ಮೊದಲ ಪುಟದಾಗ ಬರೀಬೇಕಿತ್ತು.”

ಸುಗನ್‌ಚಂದ್ ಸೇಠರು ಬೆಂಗಳೂರು ರೋಡಿನಿಂದ ಬಂದವರು
ಪುಸ್ತಕವನ್ನು ಅಂಗೈಯಲ್ಲಿ ತೂಗಿದರು:
“ಇನ್ನೂರು ಗ್ರಾಂ. ನನ್ನ ಕೆಂಪು ವಹಿ ಎರಡು ಕಿಲೋ.
ವಹಿ ಒಮ್ಮೆಯೂ ಹ್ಯಾಂಗ್ ಆಗಿಲ್ಲ.”
ತೆರೆದು ನೋಡಲಿಲ್ಲ.
ಮಗನಿಗೆಂದು ಹದಿನೇಳು ಪುಟ ಝೆರಾಕ್ಸ್ ತೆಗೆಸಿದರು,
ಚೌಕಾಸಿ ಮಾಡಿ.

ದಾರ ಕತ್ತರಿಸುವ ಹನ್ನೊಂದು ಹೆಂಗಸರ ಲೆಕ್ಕ ಇಡುವ ಹುಲಿಗೆಮ್ಮ
ಓದಲು ಮಗಳನ್ನು ಕೂರಿಸಿಕೊಂಡಳು.
“ಅನಾಮತ್ ಖಾತೆ ವರ್ಷದ ಕೊನೀಗೆ ಸೊನ್ನೆ ಆಗಬೇಕಂತ!
ಬರೆದೋರು ಯಾರವ್ವಾ? ಮದುವೆ ಆಗ್ಯಾರಾ?”

ಮೆಹಜಬೀನ್ ಬಂದಾಗ ಶಟರ್ ಅರ್ಧ ಇಳಿದಿತ್ತು.
ನೂರಾ ಹನ್ನೆರಡರ ತಾಳೆಪಟ್ಟಿ ತಾಳೆಯಾಗುವುದಿಲ್ಲ, ಎಂದಳು.
ಎಡಕ್ಕೆ ಒಂಬೈನೂರು ಹೆಚ್ಚು.
ಪುಸ್ತಕ ತಪ್ಪಿರಲಾರದು, ತಪ್ಪು ನನ್ನದೇ ಅಂತ
ಎರಡು ರಾತ್ರಿ ಕೂಡಿದಳಂತೆ, ಕಳೆದಳಂತೆ.
ಮೂರನೇ ರಾತ್ರಿ, ಕಟ್ಟಿಗೆ ಅಡ್ಡೆಯಲ್ಲಿ ಮುನ್ಶಿಯಾಗಿದ್ದ ಅಪ್ಪನ ಮಾತು:
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಮೊದಲು ಅಂಕಿ ನೋಡು,
ಹಣ ಎಲ್ಲೂ ಹೋಗಿರಲಿಕ್ಕಿಲ್ಲ.
ಬಾಡಿಗೆಯ ಸಾಲಿನಲ್ಲಿ ನಾಲ್ಕು ಸಾವಿರದ ಐನೂರು
ಐದು ಸಾವಿರದ ನಾನೂರಾಗಿ ಕೂತಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
“ಹೋದ ರಂಜಾನ್ ಮುಂದ ನಮ್ಮ ಯೂನಿಟ್ಟಿನ ಗಲ್ಲೆದಾಗ
ಎರಡು ಸಾವಿರದ ಏಳುನೂರು ಕಡಿಮಿ ಬಿತ್ತು.
ಪಗಾರದಾಗ ತುಂಬಿದೆ.
ಕಳ್ಳಿ ಅಂತ ಯಾರೂ ಅನ್ನಲಿಲ್ಲ.
ಗಲ್ಲೆ ಮಾತ್ರ ಬ್ಯಾರೆಯವರ ಕೈಗೆ ಕೊಟ್ಟರು.”
ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಭಾಗಾಕಾರ.
ಒಂಬತ್ತ್ ಮೂರ್ಲೆ ಇಪ್ಪತ್ತೇಳು. ಶೇಷ ಇಲ್ಲ.

“ಈ ಪುಸ್ತಕದಾಗ ಭಾಳ ಚಲೋ ಪುಟ ಇದೊಂದೇ,
ತಪ್ಪು ಅಚ್ಚಾಗಿದ್ದು.”
ಹೇಳಿ, ತನ್ನ ಭಾಗಾಕಾರವನ್ನು ತಾನೇ ರಬ್ಬರಿನಿಂದ ಉಜ್ಜಿ,
ಪುಡಿ ಊದಿ, ಹೊರಟಳು.

ನಾಲ್ಕು ಗೆರೆಯಲ್ಲಿ ಏನು ಹಿಡಿಯುತ್ತದೆ?
ನಾನು ಬರೆದೆ:
ಪುಸ್ತಕ ಉಪಯುಕ್ತ.
ಪುಟ ೧೧೨ರಲ್ಲಿ ಅಚ್ಚಿನ ದೋಷ.
ಬೈಂಡಿಂಗಿಗೆ ಅಂಟು ಸಾಲದು.
ವಂದನೆಗಳು.

ಎರಡನೇ ಮುದ್ರಣ ಬಂತು,
ಹೊಳೆಯುವ ಹೊದಿಕೆ, ನಲವತ್ತು ರೂಪಾಯಿ ಹೆಚ್ಚು.
ಅಂಟು ಹಾಗೇ ಇದೆ. ೧೧೨ ತಾಳೆಯಾಗಿದೆ,
ಎಡ ಬಲ ಒಂದೇ, ಯಾರನ್ನೂ ನಿಲ್ಲಿಸುವುದಿಲ್ಲ.
ಅದನ್ನು ಮಾರಾಟಕ್ಕಿಟ್ಟಿದ್ದೇನೆ.

ಹಳದಿ ದಾರದ ತುದಿಗೆ ಇನ್ನೂ ಹಳೆಯದೇ.
ಮೊನ್ನೆ ಗಾದಿಲಿಂಗಪ್ಪನ ಹೊಸ ಹುಡುಗ,
ಬೆರಳಿಗೆ ಇನ್ನೂ ನೀಲಿ ಹತ್ತದವನು, ಬಂದು ಕೇಳಿದ:
“ಲೆಕ್ಕ ಕಲೀಬೇಕ್ರಿ, ಎಲ್ಲಿಂದ ಶುರು ಮಾಡ್ಲಿ?”
ಪುಟ ತೆಗೆದು ಮುಂದಿಟ್ಟೆ.
ಪೆನ್ಸಿಲ್ಲೂ.